ಕೂಸಿನ ನಾಲಿಗೆ

ಫಿನಾಯಿಲಪ್ಪನ ನಿಜವಾದ ಹೆಸರು ಹಾಜರಿ ಪುಸ್ತಕದಲ್ಲಿ ಬೆಚ್ಚಗೆ ಮಲಗಿತ್ತು, ಅದನ್ನು ಕರೆದು ಎಬ್ಬಿಸುವವರು ಯಾರೂ ಇರಲಿಲ್ಲ. ಸರಕು ನಿಲ್ದಾಣದ ಗೇಟಿನವನಿಂದ ಹಿಡಿದು ಶ್ವಾನದಳದ ಸಾಹೇಬರವರೆಗೆ ಎಲ್ಲರ ಬಾಯಲ್ಲೂ ಅವನು ಫಿನಾಯಿಲಪ್ಪನೇ. ಅಂಗಿ, ಕೈಚೀಲ, ಊಟದ ಡಬ್ಬಿ ಎಲ್ಲದಕ್ಕೂ ಆ ವಾಸನೆ ಅಂಟಿಕೊಂಡಿತ್ತು. ಬಸ್ಸಿನಲ್ಲಿ ಅವನ ಪಕ್ಕದ ಸೀಟು ಎಷ್ಟು ರಶ್ ಇದ್ದರೂ ಖಾಲಿ ಉಳಿಯುತ್ತಿತ್ತು. ಪುಣ್ಯಾತ್ಮ ಅದನ್ನು ತನ್ನ ವಯಸ್ಸಿಗೆ ಜನ ಕೊಡುವ ಮರ್ಯಾದೆ ಎಂದುಕೊಂಡಿದ್ದ. ನಾಯಿಗೂಡಿನ ನೆಲ ಪಡೆದುಕೊಂಡು ಬಂದ ಭಾಗ್ಯ ನಮ್ಮ ಅಡುಗೆಮನೆಗಿಲ್ಲ ಎಂದು ಅವನ ಹೆಂಡತಿ ವಾರಕ್ಕೊಮ್ಮೆಯಾದರೂ ಅನ್ನುತ್ತಿದ್ದಳು. ಅವಳು ಹೇಳುವುದರಲ್ಲಿ ಸುಳ್ಳೇನೂ ಇರಲಿಲ್ಲ. ಮನೆಯಲ್ಲಿ ಕುಡಿದ ಲೋಟವನ್ನೂ ಎತ್ತಿಡದ ಗಂಡಸು, ದಳದ ಆರು ಗೂಡುಗಳನ್ನು ದಿನಕ್ಕೆ ಎರಡು ಸಲ ಮಂಡಿಯೂರಿ ಉಜ್ಜುತ್ತಿದ್ದ.

ಒಂದು ಮಾತು ಮೊದಲೇ ಹೇಳಿಬಿಡುವುದು ವಾಸಿ. ದಳದ ನಾಯಿ ಕೂಸಿನ ನಾಲಿಗೆಯನ್ನು ಹಾಳು ಮಾಡಿದ್ದು ಇದೇ ಫಿನಾಯಿಲಪ್ಪ. ಬೇಕೆಂದು ಮಾಡಲಿಲ್ಲ, ಕನಸಿನಲ್ಲೂ ಎಣಿಸಿರಲಿಲ್ಲ, ಆದರೂ ಕೈ ಅವನದೇ. ಹಾಗಾಗಿ ಇದರಲ್ಲಿ ಕಳ್ಳನನ್ನು ಹುಡುಕುವ ಕೆಲಸ ನಿಮಗಿಲ್ಲ. ಒಬ್ಬ ಮನುಷ್ಯ ತಾನು ಎಲ್ಲರಿಗಿಂತ ಹೆಚ್ಚು ಹಚ್ಚಿಕೊಂಡಿದ್ದ ಜೀವಕ್ಕೆ ಕೈಯಾರೆ ಹೀಗೆ ಮಾಡಿಬಿಟ್ಟರೆ ಆಮೇಲೆ ಏನು ಮಾಡುತ್ತಾನೆ ಅನ್ನುವುದಷ್ಟೇ ಇಲ್ಲಿರುವುದು.

ಅವನ ಈ ತೊಳೆಯುವ ಹುಚ್ಚಿಗೂ ಒಂದು ಕಾರಣವಿತ್ತು. ಕೆಲಸಕ್ಕೆ ಸೇರಿದ ಎರಡನೇ ವರ್ಷ ದಳಕ್ಕೆ ತಂದಿದ್ದ ಏಳು ಮರಿಗಳು ನಾಲ್ಕು ದಿನದಲ್ಲಿ ಒಂದರ ಹಿಂದೆ ಒಂದು ಸತ್ತುಹೋದವು. ರಕ್ತಭೇದಿ. ಆಗಿನ ಡಾಕ್ಟರು ಗೂಡಿನ ಮೂಲೆಯನ್ನು ಬೂಟಿನ ತುದಿಯಿಂದ ಕೆರೆದು, ಈ ಕೊಳೆಯಲ್ಲೇ ರೋಗ ಕೂತಿರುತ್ತದೆ, ಕಣ್ಣು ಕಾಣುವುದಿಲ್ಲವೇ ಎಂದು ಎಲ್ಲರೆದುರು ಬೈದಿದ್ದರು. ಏಳು ಮರಿಗಳನ್ನೂ ಹಿಂದಿನ ಬಯಲಿನಲ್ಲಿ ಗುಂಡಿ ತೋಡಿ ಹೂತವನು ಫಿನಾಯಿಲಪ್ಪನೇ. ಅಂದಿನಿಂದ ಅವನಿಗೆ ಮೂಲೆಗಳ ಮೇಲೆ ದ್ವೇಷ ಹುಟ್ಟಿತು. ಹಳೇ ಹಲ್ಲುಜ್ಜುವ ಬ್ರಷ್ ಇಟ್ಟುಕೊಂಡು ಕಬ್ಬಿಣದ ಬಾಗಿಲ ಸಂದುಗಳನ್ನು ಉಜ್ಜುತ್ತಿದ್ದ. ಇಪ್ಪತ್ತನಾಲ್ಕು ವರ್ಷ ಅವನ ಗೂಡುಗಳಲ್ಲಿ ಒಂದು ಉಣ್ಣಿ ಕಂಡವರಿಲ್ಲ, ಒಂದು ಮರಿ ಕಳೆದುಕೊಂಡವರಿಲ್ಲ.

ಕೂಸು ಬಂದದ್ದು ಐದು ವರ್ಷದ ಹಿಂದೆ. ಕಾಗದದಲ್ಲಿ ಅವಳಿಗೆ ಬೇರೆ ಏನೋ ಗಡಸು ಹೆಸರಿತ್ತು. ಮೂರು ತಿಂಗಳ ಮರಿ, ಮೈಯೆಲ್ಲ ಕಪ್ಪು, ಎದೆಯ ಮೇಲೆ ಮಾತ್ರ ಕೈಯಗಲ ಬಿಳಿ. ಬಂದ ದಿನವೇ ಅವನ ಬಕೆಟ್ಟಿಗೆ ಬಿದ್ದಳು, ಅವನೇ ಎತ್ತಿ, ಅಂಗಿಯಲ್ಲಿ ಸುತ್ತಿಕೊಂಡು ಬಿಸಿಲಿಗೆ ಕೂತ. ಒಂದು ಗಂಟೆ ಕೆಲಸ ಬಿಟ್ಟು ಹಾಗೇ ಕೂತಿದ್ದ. ಕೇಳಿದವರಿಗೆಲ್ಲ, ನೋಡಿ ಹೇಗೆ ಕೂಸಿನ ಹಾಗೆ ಮಲಗಿದ್ದಾಳೆ ಅಂದ. ಆ ಹೆಸರೇ ನಿಂತಿತು. ಸಾಹೇಬರು ಸಹ ಕವಾಯತಿನ ಹೊತ್ತಲ್ಲಿ ಬಿಟ್ಟರೆ ಉಳಿದಂತೆ ಕೂಸು ಎಂದೇ ಕರೆಯುತ್ತಿದ್ದರು.

ಅವಳನ್ನು ಕೆಲಸಕ್ಕೆ ಕರೆದುಕೊಂಡು ಹೋಗುತ್ತಿದ್ದವನು ಉದ್ದಣ್ಣ. ಹೆಸರಿಗೆ ತಕ್ಕ ಎತ್ತರ, ಬಾಗಿಲು ದಾಟುವಾಗಲೆಲ್ಲ ತಲೆ ತಗ್ಗಿಸಿ ಅಭ್ಯಾಸವಾಗಿ ಬಯಲಲ್ಲೂ ಸ್ವಲ್ಪ ಬಗ್ಗಿಯೇ ನಡೆಯುತ್ತಿದ್ದ. ಮಾತು ಕಡಿಮೆ, ಸುಳ್ಳು ಅದಕ್ಕಿಂತ ಕಡಿಮೆ. ಬೆಳಗ್ಗೆ ಏಳಕ್ಕೆ ಅವನೂ ಕೂಸೂ ಸರಕು ನಿಲ್ದಾಣಕ್ಕೆ ಇಳಿದರೆ ಹನ್ನೊಂದರವರೆಗೆ ಮೂಟೆ, ಪೆಟ್ಟಿಗೆ, ಗೋಣಿಚೀಲಗಳ ಸಾಲುಗಳ ನಡುವೆ ಓಡಾಟ. ಸಿಡಿಮದ್ದಿನ ವಾಸನೆ ಬಡಿದ ಮೂಟೆಯ ಮುಂದೆ ಕೂಸು ತಟ್ಟನೆ ಕೂತುಬಿಡುತ್ತಿದ್ದಳು. ಬೊಗಳುವ ಹಾಗಿಲ್ಲ, ಕೆರೆಯುವ ಹಾಗಿಲ್ಲ, ಕೂತು ಉದ್ದಣ್ಣನ ಮುಖ ನೋಡಬೇಕು. ಆಗ ಅವನು ಜೇಬಿನಿಂದ ರಬ್ಬರ್ ಚೆಂಡು ತೆಗೆದು ಎಸೆಯುತ್ತಾನೆ. ಆ ಚೆಂಡೇ ಅವಳ ಸಂಬಳ. ಪಾಪ, ಅವಳ ಮಟ್ಟಿಗೆ ಇಡೀ ನಿಲ್ದಾಣವನ್ನು ಕಟ್ಟಿದ್ದೇ ಯಾರೋ ಆ ಚೆಂಡನ್ನು ಬಚ್ಚಿಡುವುದಕ್ಕೆ.

ಕೆಲಸ ಮುಗಿಸಿ ಬಂದವಳು ನೇರ ಫಿನಾಯಿಲಪ್ಪನ ಹತ್ತಿರ ಓಡುತ್ತಿದ್ದಳು. ಅವನು ಬಕೆಟ್ಟಿನಲ್ಲಿ ಕೈ ಅದ್ದಿ, ಒದರಿ, ಅವಳ ಕುತ್ತಿಗೆಯ ಪಟ್ಟಿ ಬಿಚ್ಚುತ್ತಿದ್ದ. ಅವಳು ಅವನ ಬೆರಳು, ಅಂಗೈ, ಮುಂಗೈ ಒಂದೂ ಬಿಡದೆ ನೆಕ್ಕುತ್ತಿದ್ದಳು. ಸಾಕು ಬಿಡೇ, ಚರ್ಮ ಉಳಿಸೇ ಎಂದು ಅವನು ಗದರುತ್ತಿದ್ದ, ಕೈ ಮಾತ್ರ ಹಿಂದಕ್ಕೆ ತೆಗೆದುಕೊಳ್ಳುತ್ತಿರಲಿಲ್ಲ.

ಹೀಗಿರುವಾಗ ಮೇಲಿನಿಂದ ಹೊಸ ಆದೇಶ ಬಂತು. ಫಿನಾಯಿಲ್ ವಾಸನೆಯಿಂದ ನಾಯಿಗಳ ಮೂಗು ಮಂದವಾಗುತ್ತದೆ, ಇನ್ನು ಮೇಲೆ ಅದನ್ನು ಗೂಡಿನ ಹತ್ತಿರ ತರಕೂಡದು. ಬದಲಿಗೆ ಬಿಳಿ ಕ್ಯಾನಿನಲ್ಲಿ ನೀಲಿ ಬಣ್ಣದ ದ್ರಾವಣ. ಅದನ್ನು ತಂದಿಳಿಸಿದವನು ನಿಂತ ಕಾಲಲ್ಲೇ ಪಾಠ ಮಾಡಿದ: ಒಂದು ಬಕೆಟ್ಟಿಗೆ ಒಂದು ಮುಚ್ಚಳ, ನೆಲಕ್ಕೆ ಹಾಕಿ ಹತ್ತು ನಿಮಿಷ ಬಿಡಬೇಕು, ಆಮೇಲೆ ಒಳ್ಳೆಯ ನೀರಿನಲ್ಲಿ ಎರಡು ಸಲ ತೊಳೆದು, ಒಣಗಿದ ಮೇಲೆಯೇ ನಾಯಿ ಒಳಗೆ ಬಿಡಬೇಕು. ಫಿನಾಯಿಲಪ್ಪ ತಲೆಯಾಡಿಸಿದ. ತಾನು ನೆಲ ತೊಳೆಯಲು ಶುರು ಮಾಡಿದಾಗ ಈ ಪಾಠ ಹೇಳುವವನು ತೊಟ್ಟಿಲಲ್ಲಿದ್ದ ಎಂದು ಮನಸ್ಸಿನಲ್ಲೇ ಅಂದುಕೊಂಡ.

ಮೊದಲ ದಿನ ಹೇಳಿದ ಹಾಗೇ ಮಾಡಿದ. ಬಗ್ಗಿ ನೆಲ ಮೂಸಿ ನೋಡಿದ. ಏನೂ ವಾಸನೆ ಇಲ್ಲ! ಇಪ್ಪತ್ತಾರು ವರ್ಷ ಮೂಗಿನಿಂದ ಶುಚಿ ಅಳೆದವನಿಗೆ ಅದು ನೆಲ ತೊಳೆದ ಹಾಗೇ ಅನ್ನಿಸಲಿಲ್ಲ. ಬರೀ ನೀರು ಚೆಲ್ಲಿ ಸಂಬಳ ತೆಗೆದುಕೊಂಡ ಹಾಗಾಯಿತು. ಮಾರನೇ ದಿನ ಎರಡು ಮುಚ್ಚಳ ಹಾಕಿದ, ವಾಸನೆ ಇಲ್ಲ. ಮೂರು, ನಾಲ್ಕು. ಕೊನೆಗೆ ಕ್ಯಾನನ್ನೇ ಬಗ್ಗಿಸಿ ಗಳಗಳ ಸುರಿದಾಗ ಮೂಗಿಗೆ ಸಣ್ಣಗೆ ಏನೋ ಒಗರು ಹತ್ತಿತು. ಹಾಂ, ಈಗ ಸರಿ ಅಂದುಕೊಂಡ. ಮೇಲೆ ಒಳ್ಳೆಯ ನೀರು ಹಾಕಿದರೆ ಬಂದ ವಾಸನೆಯೂ ಹೋಗುತ್ತದಲ್ಲ, ಮದ್ದಿನ ಶಕ್ತಿಯೆಲ್ಲ ಚರಂಡಿ ಪಾಲಾಗುತ್ತದಲ್ಲ ಎಂದು ಅದನ್ನೂ ಬಿಟ್ಟ. ಊಟದ ಬಟ್ಟಲುಗಳನ್ನೂ ಅದರಲ್ಲೇ ಅದ್ದಿ, ಬಟ್ಟೆಯಲ್ಲಿ ಒರೆಸಿ ಇಟ್ಟ. ತನ್ನ ಕೈಯನ್ನೂ ಅದೇ ಬಕೆಟ್ಟಿನಲ್ಲಿ ಅದ್ದಿ ಒದರುತ್ತಿದ್ದ. ಯಾರಾದರೂ ನೋಡಿದರೆ ಎಂಥ ನಿಷ್ಠೆಯ ಮನುಷ್ಯ ಅನ್ನಬೇಕು, ಹಾಗೆ ಮಾಡುತ್ತಿದ್ದ.

ಹತ್ತು ದಿನ ಕಳೆಯುವುದರೊಳಗೆ ಕೂಸು ಜೊಲ್ಲು ಸುರಿಸತೊಡಗಿದಳು. ಬಿಸಿಲು ಎಂದುಕೊಂಡರು. ಆಮೇಲೆ ಬಟ್ಟಲಿನ ಮುಂದೆ ಬಂದು ನಿಂತು, ಮೂಸಿ, ಒಂದು ತುತ್ತು ಎತ್ತಿ ಕೆಳಗೆ ಬಿಟ್ಟು ಹಿಂದೆ ಸರಿಯುತ್ತಿದ್ದಳು. ಹಸಿವಿತ್ತು ಅನ್ನುವುದು ಅವಳ ಕಣ್ಣಿನಲ್ಲೇ ಕಾಣುತ್ತಿತ್ತು. ಮುಂಗಾಲಿನಿಂದ ಬಾಯಿ ಕೆರೆದುಕೊಳ್ಳುತ್ತಿದ್ದಳು. ಉಳಿದ ನಾಯಿಗಳಲ್ಲಿ ಎರಡಕ್ಕೆ ತುಟಿ ಸ್ವಲ್ಪ ಕೆಂಪಾಗಿತ್ತು, ಅಷ್ಟೇ. ಅವು ಇವನ ಕೈ ನೆಕ್ಕುವ ಪೈಕಿ ಅಲ್ಲ.

ಫಿನಾಯಿಲಪ್ಪನಿಗೆ ಹೊಳೆದದ್ದು ಒಂದೇ. ಗೂಡಿಗೆ ರೋಗ ಹೊಕ್ಕಿದೆ! ಏಳು ಮರಿಗಳ ಗುಂಡಿ ಕಣ್ಣ ಮುಂದೆ ಬಂತು. ಅವತ್ತಿನಿಂದ ದಿನಕ್ಕೆ ಎರಡು ಸಲದ ಬದಲು ನಾಲ್ಕು ಸಲ ತೊಳೆದ. ಕೂಸಿನ ಗೂಡಿನ ಗೋಡೆಗೂ ಎದೆಮಟ್ಟ ದ್ರಾವಣ ಬಳಿದ. ಅವಳು ಮಲಗುವ ಗೋಣಿಯನ್ನು ಅದರಲ್ಲಿ ನೆನೆಸಿ ಒಣಗಿಸಿ ಹಾಸಿದ. ಆಕೆ ಎಷ್ಟು ಸೊರಗಿದಳೋ ಅಷ್ಟು ಉಜ್ಜಿದ, ಅವನು ಎಷ್ಟು ಉಜ್ಜಿದನೋ ಅಷ್ಟು ಆಕೆ ಸೊರಗಿದಳು. ಅಯ್ಯೋ, ಆ ನಾಲ್ಕು ದಿನ ಯಾರಾದರೂ ಅವನ ಕೈಯಿಂದ ಬಕೆಟ್ ಕಿತ್ತು ಬಿಸಾಕಿದ್ದರೆ!

ಐದನೇ ದಿನ ನಿಲ್ದಾಣದಲ್ಲಿ ಪರೀಕ್ಷೆಗೆಂದು ಇಟ್ಟಿದ್ದ ಮೂಟೆಯ ಮುಂದೆ ಕೂಸು ಹೋಗಿ ನಿಂತಳು. ಮೂಗು ಸರಿಯಾಗಿಯೇ ಹೇಳಿತ್ತು, ಕಿವಿ ನೆಟ್ಟಗಾಗಿತ್ತು. ಆದರೆ ಕೂರಲಿಲ್ಲ. ಉದ್ದಣ್ಣನ ಜೇಬಿನ ಕಡೆ ಒಮ್ಮೆ ನೋಡಿ, ಮುಖ ತಿರುಗಿಸಿ ಮುಂದಕ್ಕೆ ನಡೆದುಬಿಟ್ಟಳು. ಚೆಂಡು ಬೇಡವಾಗಿತ್ತು ಅವಳಿಗೆ. ಕೂತರೆ ಚೆಂಡು ಬರುತ್ತದೆ, ಬಂದರೆ ಕಚ್ಚಬೇಕು. ಸಾಹೇಬರಿಗೆ ಸಿಟ್ಟು ನೆತ್ತಿಗೇರಿತು. ಉದ್ದಣ್ಣ ಅವಳ ಬಾಯಿ ಬಿಡಿಸಿ ನೋಡಿದವನೇ, ಎರಡು ಹೆಜ್ಜೆ ಹಿಂದೆ ಸರಿದು, ದಳದ ನಾಯಿಗಳನ್ನು ನೋಡುವ ಡಾಕ್ಟರಮ್ಮನಿಗೆ ಫೋನ್ ಮಾಡಿದ.

ಡಾಕ್ಟರಮ್ಮ ಅವಳಿಗೆ ಮಂಪರು ಬರುವ ಸೂಜಿ ಕೊಟ್ಟು ಮೇಜಿನ ಮೇಲೆ ಮಲಗಿಸಿದರು. ತಲೆ ಹಿಡಿದುಕೊಂಡವನು ಫಿನಾಯಿಲಪ್ಪ. ನಾಲಿಗೆ ಊದಿ ಹಲ್ಲಿನ ಸಾಲಿನ ಹೊರಗೆ ಬಂದಿತ್ತು. ಅಂಚಿನುದ್ದಕ್ಕೂ ಚರ್ಮ ಸುಲಿದು ಹಸಿಮಾಂಸ, ಅಲ್ಲಲ್ಲಿ ಹಳದಿ ಪೊರೆ. ತುದಿಯ ಮೂರು ಬೆರಳಗಲ ಮಾತ್ರ ಬೂದುಬಣ್ಣಕ್ಕೆ ತಿರುಗಿ ತಣ್ಣಗಿತ್ತು. ಜೊಲ್ಲು ಕಂದುಬಣ್ಣವಾಗಿ, ಗಬ್ಬು ನಾರುತ್ತಿತ್ತು. ಡಾಕ್ಟರಮ್ಮ ಸೂಜಿಯಿಂದ ತುದಿಯನ್ನು ಚುಚ್ಚಿದರು, ರಕ್ತ ಬರಲಿಲ್ಲ. ಇದು ರೋಗದಿಂದ ಆದದ್ದಲ್ಲ, ಏನೋ ಸುಡುವ ವಸ್ತು ನೆಕ್ಕಿದ್ದಾಳೆ, ಒಂದು ದಿನವಲ್ಲ, ಎಷ್ಟೋ ದಿನದಿಂದ ಅಂದರು. ನಿಲ್ದಾಣದಲ್ಲಿ ಬ್ಯಾಟರಿ, ಆಸಿಡ್ ಅಂಥದ್ದೇನಾದರೂ ಸೋರುತ್ತಿದೆಯೇ ಎಂದು ಕೇಳಿದರು.

ಸಾಹೇಬರು ಉದ್ದಣ್ಣನ ಕಡೆ ತಿರುಗಿದರು. ನಾಯಿ ಬಿಟ್ಟು ಎಲ್ಲಿ ಹರಟೆ ಹೊಡೆಯುತ್ತ ನಿಂತಿದ್ದೆ, ಏನು ನೆಕ್ಕುತ್ತಿದೆ ಎಂದು ನೋಡುವ ಪರಿವೆ ಇಲ್ಲವೇ ಎಂದು ಬಾಯಿಗೆ ಬಂದಂತೆ ಬೈದರು. ನಾಳೆಯೇ ವಿಚಾರಣೆ ಅಂದರು. ಉದ್ದಣ್ಣ ಬಗ್ಗಿದ ತಲೆ ಎತ್ತಲಿಲ್ಲ. ತನ್ನದೇ ತಪ್ಪಿರಬೇಕು ಎಂದು ಅವನೂ ನಂಬಿಬಿಟ್ಟಿದ್ದ, ಯಾವ ಸಾಲಿನಲ್ಲಿ, ಯಾವ ಪೆಟ್ಟಿಗೆಯ ಹತ್ತಿರ ಎಂದು ನೆನಪು ಮಾಡಿಕೊಳ್ಳುತ್ತಿದ್ದ. ಫಿನಾಯಿಲಪ್ಪನಿಗೂ ಅವನ ಮೇಲೆ ಕೆಟ್ಟ ಕೋಪ ಬಂತು. ಹೊರಗೆ ಬಂದು, ಐದು ವರ್ಷ ನಾನು ಸಾಕಿದ್ದನ್ನು ಐದು ನಿಮಿಷದಲ್ಲಿ ಸುಟ್ಟು ತಂದೆಯಲ್ಲೋ ಎಂದು ಅವನಿಗೆ ಅಂದೂಬಿಟ್ಟ. ಆ ಮಾತನ್ನು ಅವನು ಸಾಯುವವರೆಗೆ ಮರೆಯಲಾರ.

ಗೂಡಿಗೆ ಬಂದು ಮತ್ತೆ ಬಕೆಟ್ ಎತ್ತಿಕೊಂಡ. ಸಂಕಟವಾದರೆ ಅವನಿಗೆ ಗೊತ್ತಿದ್ದದ್ದು ಅದೊಂದೇ. ಕ್ಯಾನ್ ಬಗ್ಗಿಸಿದಾಗ ಅದರ ಮೈಮೇಲೆ ಅಂಟಿಸಿದ ಕಾಗದ ಕಣ್ಣಿಗೆ ಬಿತ್ತು. ಇದುವರೆಗೆ ನೂರು ಸಲ ನೋಡಿದ್ದ, ಓದಿರಲಿಲ್ಲ. ಕನ್ನಡಕ ಹಾಕಿಕೊಂಡು ಒಂದೊಂದೇ ಸಾಲು ಓದಿದ. ಪ್ರಾಣಿಗಳು ನೆಕ್ಕದಂತೆ ನೋಡಿಕೊಳ್ಳಿ ಎಂದು ಐದನೇ ಸಾಲಿನಲ್ಲಿತ್ತು. ಆ ಸಾಲಿನ ಮೇಲೆ ಬೆರಳಿಟ್ಟು ಮತ್ತೊಮ್ಮೆ ಓದಿದ. ಆದರೂ ಮನಸ್ಸು ಒಪ್ಪಲಿಲ್ಲ, ಯಾರ ಮನಸ್ಸು ತಾನೇ ಒಪ್ಪುತ್ತದೆ? ತಾನು ಕಲಸುತ್ತಿದ್ದ ಹದದಲ್ಲೇ ಬಕೆಟ್ಟಿಗೆ ಸುರಿದು, ಬೆರಳು ಅದ್ದಿ, ತನ್ನ ನಾಲಿಗೆಯ ತುದಿಗೆ ಒತ್ತಿ ಹಿಡಿದ. ಮೊದಲು ಕಹಿ. ಆಮೇಲೆ ಚುರುಚುರು. ಎಣಿಸುತ್ತ ನಿಂತ, ಐವತ್ತು ಎಣಿಸುವುದರೊಳಗೆ ಕೆಂಡ ಇಟ್ಟ ಹಾಗಾಗಿ ನಲ್ಲಿಗೆ ಬಾಯಿ ಕೊಟ್ಟ. ಬಾಯಿ ತೊಳೆದುಕೊಳ್ಳುತ್ತಲೇ ಅಳುತ್ತಿದ್ದ. ಅವಳಿಗೆ ನಲ್ಲಿ ತಿರುಗಿಸುವುದಕ್ಕೂ ಬರುತ್ತಿರಲಿಲ್ಲ.

ಮನೆಗೆ ಹೋದಾಗ ಹೆಂಡತಿ ಮುಖ ನೋಡಿಯೇ ಬಾಗಿಲು ಹಾಕಿ ಎದುರು ಕೂತಳು. ಅವನು ಎಲ್ಲ ಹೇಳಿದ. ಬಾಯಿ ಬಿಟ್ಟರೆ ನಾಲ್ಕು ವರ್ಷ ಉಳಿದಿರುವ ಕೆಲಸಕ್ಕೆ ಕುತ್ತು ಬರುತ್ತದೆ, ಗೂಡಿನ ಬಾಗಿಲು ತನಗೆ ಮುಚ್ಚುತ್ತದೆ. ಕೂಸು ಕೆಲಸಕ್ಕೆ ಬಾರದವಳಾದರೆ ಅವಳನ್ನು ಮನೆಗೆ ಕೊಡಿ ಎಂದು ಅರ್ಜಿ ಹಾಕಬಹುದು, ತಪ್ಪು ಒಪ್ಪಿಕೊಂಡವನಿಗೆ ಯಾರು ಕೊಡುತ್ತಾರೆ? ಸುಮ್ಮನಿದ್ದರೆ ಉದ್ದಣ್ಣನ ತಲೆ ಹೋಗುತ್ತದೆ. ಯಾವಾಗಲೂ ಚುಚ್ಚಿ ಮಾತಾಡುವ ಹೆಂಡತಿ ಅವತ್ತು ಮೆತ್ತಗೆ ಕೇಳಿದಳು:

"ನೀವು ಹೇಳದೆ ಇದ್ರೆ, ಆ ಹುಡುಗನ ಮುಖ ನೋಡಿ ನಾಳೆ ಮಾತಾಡೋಕೆ ಆಗುತ್ತೇನ್ರಿ ನಿಮಗೆ?"

ಅವನಿಗೆ ಆಗುತ್ತಿರಲಿಲ್ಲ. ಮಾರನೇ ದಿನ ವಿಚಾರಣೆಗೆ ಮುಂಚೆ ಕ್ಯಾನನ್ನೂ ಬಕೆಟ್ಟನ್ನೂ ಎತ್ತಿಕೊಂಡು ಹೋಗಿ ಸಾಹೇಬರ ಮೇಜಿನ ಎದುರಿಗಿಟ್ಟ. ಡಾಕ್ಟರಮ್ಮನೂ ಅಲ್ಲಿದ್ದರು, ಉದ್ದಣ್ಣ ಗೋಡೆಗೆ ಒರಗಿ ನಿಂತಿದ್ದ. ಎಷ್ಟು ಸುರಿದೆ, ಹೇಗೆ ತೊಳೆಯದೆ ಬಿಟ್ಟೆ, ಬಟ್ಟಲು, ಗೋಣಿ, ಕೈ, ಒಂದೂ ಮುಚ್ಚಿಡದೆ ಹೇಳಿದ. ವಾಸನೆ ಬರಲಿಲ್ಲ ಸಾರ್, ಅದಕ್ಕೇ ಅಂದ. ಡಾಕ್ಟರಮ್ಮ ಅವನ ಕೈಗಳನ್ನು ತಿರುಗಿಸಿ ನೋಡಿದರು. ಬೆರಳ ಸಂದುಗಳಲ್ಲಿ ಚರ್ಮ ಸುಲಿದು ಬಿಳಿಚಿಕೊಂಡಿತ್ತು, ಅವನು ಅದನ್ನು ಗಮನಿಸಿಯೇ ಇರಲಿಲ್ಲ. ಉಳಿದ ನಾಯಿಗಳು ಬಚಾವಾಗಿ ಇವಳೊಬ್ಬಳಿಗೇ ಯಾಕೆ ಇಷ್ಟಾಯಿತು ಎಂದು ಸಾಹೇಬರು ಕೇಳಿದರು. ಉತ್ತರ ಗೊತ್ತಿದ್ದ ಅವನು ಸುಲಿದ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡ. ಫಿನಾಯಿಲಪ್ಪನನ್ನು ಎದುರಿಗೆ ಮಾವ ಎಂದೇ ಕರೆಯುತ್ತಿದ್ದ ಉದ್ದಣ್ಣ ಹೇಳಿದ: "ಮಾವನ ಕೈ ಅಂದ್ರೆ ಅವಳಿಗೆ ಪ್ರಾಣ, ಸಾರ್."

ನಾಲಿಗೆಯ ಸತ್ತ ಭಾಗವನ್ನು ಕತ್ತರಿಸಿ ತೆಗೆದರು. ಮೂರು ಬೆರಳಗಲ ಅಂದುಕೊಂಡದ್ದು ಕೊನೆಗೆ ಹತ್ತಿರ ಹತ್ತಿರ ಅರ್ಧ ನಾಲಿಗೆಯೇ ಆಯಿತು. ಕುತ್ತಿಗೆಯ ಪಕ್ಕದಲ್ಲಿ ನಳಿಕೆ ಇಟ್ಟು ಎರಡು ವಾರ ಗಂಜಿ ಇಳಿಸಿದರು. ಮೇಲಿನಿಂದ ಆದೇಶಗಳೂ ಬಂದವು: ಉದ್ದಣ್ಣನ ಮೇಲೆ ತಪ್ಪಿಲ್ಲ, ಫಿನಾಯಿಲಪ್ಪನನ್ನು ಗೂಡಿನ ಕೆಲಸದಿಂದ ತೆಗೆದು ಊರಾಚೆಯ ಉಗ್ರಾಣದ ಬಾಗಿಲಿಗೆ ಹಾಕಿದೆ, ನಾಯಿ ಸೇವೆಯಿಂದ ನಿವೃತ್ತ. ಅವಳನ್ನು ತನಗೆ ಕೊಡಿ ಎಂದು ಅವನು ಬರೆದ ಅರ್ಜಿಗೆ ಎರಡು ಸಾಲಿನ ಉತ್ತರ ಬಂತು. ದಳದ ನಾಯಿಗೆ ಹಾನಿ ಮಾಡಿದವರ ವಶಕ್ಕೆ ನಾಯಿ ಕೊಡಲು ಬರುವುದಿಲ್ಲ. ಡಾಕ್ಟರಮ್ಮ ಅವನ ಪರವಾಗಿ ಜಗಳವಾಡಿ ನೋಡಿದರು, ಯಾರೂ ಸೊಪ್ಪು ಹಾಕಲಿಲ್ಲ. ಕೂಸನ್ನು ನಾನು ಕರೆದುಕೊಂಡು ಹೋಗುತ್ತೇನೆ ಎಂದು ಉದ್ದಣ್ಣ ಮುಂದೆ ಬಂದ. ಅವನಿಗೆ ಬೇರೆ ಊರಿಗೆ ವರ್ಗವಾಗಿತ್ತು, ನಳಿಕೆ ತೆಗೆಯುವ ಹೊತ್ತಿಗೆ ಹೋಗಲು ಹನ್ನೆರಡು ದಿನ ಉಳಿದಿತ್ತು.

ನಳಿಕೆ ತೆಗೆದ ಮೇಲೆ ನಿಜವಾದ ಕಷ್ಟ ಶುರುವಾಯಿತು. ನಾಯಿ ನೀರು ಕುಡಿಯುವುದೇ ನಾಲಿಗೆಯ ತುದಿಯನ್ನು ಸೌಟಿನ ಹಾಗೆ ಮಡಿಸಿ. ಕೂಸು ಬಟ್ಟಲಿಗೆ ಮೂತಿ ಹಾಕುತ್ತಿದ್ದಳು, ಗಂಟಲು ಆಡಿಸುತ್ತಿದ್ದಳು, ಒಂದು ಹನಿ ಒಳಗೆ ಹೋಗುತ್ತಿರಲಿಲ್ಲ. ಮೂಗಿಗೆ ನೀರು ಹೋಗಿ ಕೆಮ್ಮಿ ದೂರ ಸರಿದು, ಬಟ್ಟಲನ್ನೇ ನೋಡುತ್ತ ಕೂರುತ್ತಿದ್ದಳು. ಕೈಯಿಂದ ಕುಡಿಸೋಣವೆಂದರೆ ಯಾರನ್ನೂ ಬಾಯಿಯ ಹತ್ತಿರ ಬಿಡಲೊಲ್ಲಳು. ಇಷ್ಟು ದಿನ ಬಂದ ಪ್ರತಿ ಕೈಯೂ ನೋವನ್ನೇ ತಂದಿತ್ತು, ಹಾಗಾಗಿ ಹಲ್ಲು ಬಿಗಿದು ಗುರುಗುಟ್ಟುತ್ತಿದ್ದಳು. ಉದ್ದಣ್ಣನಿಗೂ ಅದೇ ಮರ್ಯಾದೆ. ಕೊನೆಗೆ ಡಾಕ್ಟರಮ್ಮ ಸಾಹೇಬರ ಕಾಲು ಹಿಡಿಯುವುದೊಂದು ಬಾಕಿ ಎನ್ನುವಷ್ಟು ಬೇಡಿಕೊಂಡು ಫಿನಾಯಿಲಪ್ಪನನ್ನು ಕರೆಸಿದರು.

ಅವನು ಬಂದು ನೆಲದ ಮೇಲೆ ಕೂತ. ಕೂಸು ತೂರಾಡುತ್ತ ಬಂದು ಅವನ ತೊಡೆಯ ಮೇಲೆ ತಲೆ ಇಟ್ಟಳು. ಅವನು ಅವಳ ಕೆನ್ನೆಯ ಚರ್ಮವನ್ನು ಮೆಲ್ಲಗೆ ಹೊರಕ್ಕೆ ಎಳೆದು, ಸಣ್ಣ ಜೇಬಿನ ಹಾಗೆ ಮಾಡಿ, ಉದ್ದ ಮೂತಿಯ ಪುಟ್ಟ ಜಗ್ಗಿನಿಂದ ಒಂದು ಗುಟುಕು ಬಿಟ್ಟ. ಕಾದ. ಗಂಟಲು ಮೇಲೆ ಕೆಳಗೆ ಆಡಿತು. ಇನ್ನೊಂದು ಗುಟುಕು. ಅವಳು ಹಲ್ಲು ತೋರಿಸಲೂ ಇಲ್ಲ. ಒಂದು ಜಗ್ ಖಾಲಿ ಮಾಡಿ, ಕಣ್ಣು ಮುಚ್ಚಿ, ಅಲ್ಲೇ ನಿದ್ದೆ ಹೋದಳು. ಅವನು ಡಾಕ್ಟರಮ್ಮನ ಮುಖ ನೋಡಿ ಕೇಳಿದ:

"ಇದನ್ನು ಮಾಡಿದವನು ನಾನೇ ಅಂತ ಇವಳಿಗೆ ಹೇಗೆ ಹೇಳೋದು, ಮೇಡಂ?"

ಡಾಕ್ಟರಮ್ಮ ಔಷಧಿ ಪೆಟ್ಟಿಗೆ ಮುಚ್ಚಿದರು. ಆಮೇಲೆ ವಿಷಯಕ್ಕೆ ಬಂದರು. ಹತ್ತು ದಿನ ನಿಮಗೆ ಒಳಗೆ ಬರಲು ಅನುಮತಿ ತೆಗೆದುಕೊಂಡಿದ್ದೇನೆ, ಅಷ್ಟರಲ್ಲಿ ಇವಳು ಉದ್ದಣ್ಣನ ಕೈಯಲ್ಲಿ ಕುಡಿಯುವುದನ್ನು ಕಲಿಯಬೇಕು. ಕಲಿಯದಿದ್ದರೆ ಕಳಿಸುವ ಹಾಗಿಲ್ಲ, ಇಟ್ಟುಕೊಳ್ಳುವ ಹಾಗೂ ಇಲ್ಲ. ಬಾಯಾರಿಕೆಯಿಂದ ಸಾಯಲು ಬಿಡುವ ಬದಲು ನಾನೇ ಸೂಜಿ ಹಾಕಿ ಮಲಗಿಸಬೇಕಾಗುತ್ತದೆ ಅಂದರು. ಆ ಮಾತು ಹೇಳುವಾಗ ಅವರು ಇವನ ಕಡೆ ನೋಡಲಿಲ್ಲ.

ಮುಂದಿನ ಒಂಬತ್ತು ದಿನ ಫಿನಾಯಿಲಪ್ಪ ಉದ್ದಣ್ಣನಿಗೆ ಗುರುವಾದ. ಅನ್ನ ಮಾಂಸ ನುಣ್ಣಗೆ ಅರೆದು ನಿಂಬೆಗಾತ್ರದ ಉಂಡೆ ಮಾಡಿ ಗಂಟಲ ಹತ್ತಿರ ಇಡಬೇಕು, ತಲೆ ಮೇಲಕ್ಕೆತ್ತಬಾರದು, ಆತುರ ಮಾಡಬಾರದು. ಮಧ್ಯಾಹ್ನ ಬಿಸಿಲಿಗೆ ಬಿಡಬೇಡ ಕಣೋ, ತೇಕಿ ಮೈ ತಣ್ಣಗೆ ಮಾಡಿಕೊಳ್ಳೋಕೆ ಅವಳಿಗೆ ನಾಲಿಗೆ ಸಾಲದು, ಒದ್ದೆ ಬಟ್ಟೆ ಹೊದಿಸು ಎಂದು ಹತ್ತು ಸಲ ಹೇಳಿದ. ಉಂಡೆಗಳನ್ನು ಕೂಸು ಆರನೇ ದಿನಕ್ಕೆ ಉದ್ದಣ್ಣನಿಂದ ತೆಗೆದುಕೊಂಡಳು. ನೀರನ್ನು ಮಾತ್ರ ಬಿಲ್‌ಕುಲ್ ಇಲ್ಲ. ಜಗ್ಗು ಉದ್ದಣ್ಣನ ಕೈಗೆ ಹೋದ ತಕ್ಷಣ ದವಡೆ ಬಿಗಿದುಕೊಂಡು ಫಿನಾಯಿಲಪ್ಪನ ಕಡೆ ತಿರುಗುತ್ತಿದ್ದಳು.

ಎದುರಿಗಿದ್ದರೆ ಆಗುವುದಿಲ್ಲವೆಂದು ಅವನು ಕೋಣೆಯಿಂದ ಹೊರಗೆ ಹೋಗಿ ನಿಂತ. ಕೂಸು ಬಾಗಿಲ ಸಂದಿಗೆ ಮೂಗು ಹಚ್ಚಿ ಮಲಗಿದಳು. ಗೋಡೆಯಾಚೆ ಹೋದ. ಅವಳು ಆ ಗೋಡೆಯ ಕಡೆಗೇ ಮುಖ ಮಾಡಿ ಕೂತಳು. ಹಿಂದಿನ ಬಯಲಿಗೆ ಹೋದರೆ ಕಿಟಕಿಯ ಕೆಳಗೆ ಬಂದು ಕೂತಳು. ಮೂಟೆಯೊಳಗಿನ ಮೂಟೆಯಲ್ಲಿ ಬಚ್ಚಿಟ್ಟ ಚಿಟಿಕೆ ಮದ್ದು ಹುಡುಕುವ ಮೂಗು, ಇವನನ್ನು ಬಿಟ್ಟೀತೇ? ಹತ್ತನೇ ದಿನ ಬೆಳಗ್ಗೆಯಿಂದ ಅವಳಿಗೆ ಒಂದು ಹನಿ ನೀರು ಕೊಟ್ಟಿರಲಿಲ್ಲ. ದಾಹವಾದರೆ ಕುಡಿಯುತ್ತಾಳೆಂದು ಡಾಕ್ಟರಮ್ಮ ಹೇಳಿದ್ದರು. ಹನ್ನೊಂದಾಯಿತು, ಹನ್ನೆರಡಾಯಿತು. ಒಣಗಿದ ಗಂಟಲಿನಿಂದ ಕುಂಯ್ ಕುಂಯ್ ಅನ್ನುವ ದನಿ ಗೋಡೆಯಾಚೆಗೂ ಕೇಳುತ್ತಿತ್ತು. ಜಗ್ ಕಸಿದುಕೊಂಡು ಒಳಗೆ ನುಗ್ಗಿಬಿಡೋಣ ಎಂದು ಅವನು ಎರಡು ಸಲ ಬಾಗಿಲವರೆಗೆ ಬಂದು ಎರಡು ಸಲವೂ ಹಿಂದೆ ಹೋದ. ಉದ್ದಣ್ಣ ಹೊರಗೆ ಬಂದಾಗ ಅವನ ಅಂಗಿಯೆಲ್ಲ ನೀರು ಚೆಲ್ಲಿ ತೊಯ್ದಿತ್ತು.

"ಮಾವ, ನೀವು ಇಲ್ಲೇ ಎಲ್ಲೋ ಇದ್ದೀರಿ ಅಂತ ಅವಳಿಗೆ ಗೊತ್ತು. ನೀವು ಬಂದು ಕುಡಿಸ್ತೀರಿ ಅಂತ ಕಾಯ್ತಿದ್ದಾಳೆ. ನೀವು ಇರೋವರೆಗೂ ಕುಡಿಯಲ್ಲ."

ಫಿನಾಯಿಲಪ್ಪನಿಗೆ ಅರ್ಥವಾಯಿತು. ಒಳಗೆ ಹೋಗಿ ಒಂದು ಸಲ ಅವಳ ತಲೆ ನೇವರಿಸಿ ಬರುತ್ತೇನೆ ಎಂದು ಕೇಳಬೇಕೆಂದಿತ್ತು. ಹೊಸದಾಗಿ ವಾಸನೆ ಹತ್ತಿದರೆ ಇನ್ನೂ ನಾಲ್ಕು ಗಂಟೆ ಕಾಯುತ್ತಾಳೆ ಎಂದು ಅವನಿಗೇ ಹೊಳೆದು ಕೇಳಲಿಲ್ಲ. ಚೀಲ ಎತ್ತಿಕೊಂಡ. ಒಳಗೆ ಗೂಟಕ್ಕೆ ನೇತು ಹಾಕಿದ ನನ್ನ ಹಳೇ ಅಂಗಿ ಇದೆ, ಅದನ್ನೂ ಯಾರಾದರೂ ಸುಟ್ಟುಹಾಕಿ ಅಂದ. ಗಾಳಿ ಯಾವ ಕಡೆಯಿಂದ ಬೀಸುತ್ತಿದೆ ಎಂದು ಬೆರಳು ಎತ್ತಿ ನೋಡಿ, ತನ್ನ ವಾಸನೆ ಗೂಡಿನ ಕಡೆ ಹೋಗದ ಹಾಗೆ ಸುತ್ತು ಹಾಕಿಕೊಂಡು ಹಿಂದಿನ ಗೇಟಿನಿಂದ ಹೊರಬಿದ್ದ. ಬಸ್ ನಿಲ್ದಾಣ ಮುಕ್ಕಾಲು ಮೈಲಿ. ಅಲ್ಲಿಯೂ ಸಮಾಧಾನವಾಗದೆ ಮುಂದಿನ ನಿಲ್ದಾಣದವರೆಗೆ ನಡೆದ. ಮಟಮಟ ಮಧ್ಯಾಹ್ನ, ನಿಲ್ದಾಣದಲ್ಲಿ ಒಬ್ಬ ನರಪಿಳ್ಳೆ ಇಲ್ಲ. ಕಲ್ಲುಬೆಂಚಿನ ಮೇಲೆ ಕೂತು ಫೋನನ್ನು ಎರಡೂ ಅಂಗೈಗಳ ನಡುವೆ ಹಿಡಿದುಕೊಂಡ. ಅವನಿಗೂ ಬೆಳಗ್ಗೆಯಿಂದ ನೀರು ಕುಡಿದ ನೆನಪಿರಲಿಲ್ಲ. ಮೂರು ಬಸ್ಸು ಬಂದು ಹೋದವು.

ಫೋನ್ ಬಂದಾಗ ಎರಡು ಸಲ ತಪ್ಪು ಗುಂಡಿ ಒತ್ತಿ, ಮೂರನೇ ಸಲಕ್ಕೆ ಕಿವಿಗೆ ಹಿಡಿದ.

"ಕುಡಿದಳು, ಮಾವ," ಅಂದ ಉದ್ದಣ್ಣ. "ಪೂರ್ತಿ ಒಂದು ಜಗ್. ಆಮೇಲೆ ಇನ್ನರ್ಧ."

ಫಿನಾಯಿಲಪ್ಪನಿಗೆ ತಾನು ಅಳುತ್ತಿರುವುದು ಬಾಯಿಗೆ ಉಪ್ಪು ಹತ್ತಿದಾಗಲೇ ತಿಳಿದದ್ದು. ಇಷ್ಟು ಸಂತೋಷವನ್ನೂ ಇಷ್ಟು ದುಃಖವನ್ನೂ ಒಟ್ಟಿಗೆ ಇಟ್ಟುಕೊಳ್ಳಲು ಅವನ ಮೈಯಲ್ಲಿ ಜಾಗವಿರಲಿಲ್ಲ. ತಲೆ ಎತ್ತಿಸಲಿಲ್ಲ ತಾನೇ ಎಂದು ಕೇಳಿದ, ಕೆಮ್ಮಿದಳಾ ಎಂದು ಕೇಳಿದ. ಇಲ್ಲ ಎಂದ ಉದ್ದಣ್ಣ. ನಾಡಿದ್ದು ಹೊರಡುವಾಗ ದೂರದಿಂದಲೂ ಬರಬಾರದಂತೆ, ಡಾಕ್ಟರಮ್ಮ ಹೇಳಿದರು ಎಂದು ತಡವರಿಸಿ ತಿಳಿಸಿದ. ಗೊತ್ತು ಕಣೋ ಅಂದ ಇವನು. ಫೋನ್ ಇಡುವ ಮೊದಲು ಇನ್ನೊಂದನ್ನು ಕೇಳದೆ ಇರಲಾಗಲಿಲ್ಲ.

"ಈಗ ಏನು ಮಾಡ್ತಿದ್ದಾಳೆ?"

ಉದ್ದಣ್ಣನಿಗೆ ಸುಳ್ಳು ಹೇಳಲು ಬರುತ್ತಿರಲಿಲ್ಲ.

"ಹಿಂದಿನ ಗೇಟ್ ನೋಡ್ಕೊಂಡು ಕೂತಿದ್ದಾಳೆ, ಮಾವ."

ನಾಲ್ಕನೇ ಬಸ್ಸು ಬಂದು ನಿಂತಿತ್ತು. ಫಿನಾಯಿಲಪ್ಪ ಎದ್ದು ಮೆಟ್ಟಿಲ ಮೇಲೆ ಒಂದು ಕಾಲಿಟ್ಟ.

"ಹಾಗಾದ್ರೆ ಬಾಗಿಲು ಹಾಕ್ಬಿಡಪ್ಪ," ಅಂದ.